ಮೂಡಲಗಿರಿಯಪ್ಪನವರ ತೂಬು

ಒಂದು ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆಯಾದ ಗ್ರ್ಯಾಫೀನನ್ನು ಪದರದ ಮೇಲೆ ಪದರವಿಟ್ಟು, ಅದರೊಳಗಿನ ಎಲೆಕ್ಟ್ರಾನ್‌ಗಳ ಹರಿವನ್ನು ವೋಲ್ಟೇಜಿನಿಂದ ಹತೋಟಿಗೆ ತರುವ ವಿದ್ಯೆಯಲ್ಲಿ ಹದಿನೈದು ವರ್ಷ ದುಡಿದವರು ಡಾ. ಮೂಡಲಗಿರಿಯಪ್ಪನವರು. ದೇವಸಮುದ್ರದಲ್ಲಿ ಹುಟ್ಟಿ, ಚಳ್ಳಕೆರೆಯಲ್ಲಿ ಭೌತಶಾಸ್ತ್ರ ಕಲಿಸಿ, ಆಮೇಲೆ ಊರಾಚೆಯ ನಮ್ಮ ಪ್ರಯೋಗಾಲಯಕ್ಕೆ ಬಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ನಾನು ಅವರ ಬಳಿ ಸಂಶೋಧನೆಗೆ ಸೇರಿದಾಗ ನನ್ನ ಮಗಳಿಗೆ ಹತ್ತು ತಿಂಗಳು. ಅವಳಿಗೆ ಜ್ವರ ಬಂದಾಗಲೆಲ್ಲ ನನ್ನ ಸರದಿಯ ಅಳತೆಗಳನ್ನು ತಾವೇ ಮುಗಿಸಿ, ಮರುದಿನ ಆ ಮಾತನ್ನೇ ಎತ್ತದ ದೊಡ್ಡತನ ಅವರದು.

ಗ್ರ್ಯಾಫೀನ್ ಪದರಗಳ ಅಡಿಯಲ್ಲಿ ವಿದ್ಯುತ್ ದಾಟಗೊಡದ ತೆಳುಪೊರೆ, ಅದರ ಕೆಳಗೆ ವೋಲ್ಟೇಜ್ ಕೊಡುವ ಗೇಟು. ಕೆರೆಯ ನೀರು ಬಿಡುವ ತೂಬು ನೋಡಿ ಬೆಳೆದ ಸರ್ ಗೇಟಿಗೂ ತೂಬು ಎಂದೇ ಅನ್ನುತ್ತಿದ್ದರು. ಚಳ್ಳಕೆರೆ ಪೇಟೆಯ ಪಂಕ್ಚರ್ ಅಂಗಡಿ ಮಸ್ತಾನ್ ಸಾಬರ ಮಗಳಾದ ನನಗೆ ಆ ಪದ ತಿಳಿದಿರಲಿಲ್ಲ, ತಿಳಿದಿದ್ದದ್ದು ಟ್ಯೂಬು.

ನಮ್ಮ ಮೊದಲ ಲೇಖನ ಕಳಿಸುವ ಹಿಂದಿನ ದಿನ, "ತೂಬು ಸೋರ್ತೈತೇನೋ ನೋಡಿದ್ಯೇನಮ್ಮಾ ಕೌಸರ್?" ಎಂದರು. ನಾನು ಹೋಗಿ ಗಾಳಿ ಹೀರುವ ಪಂಪಿನ ರಬ್ಬರ್ ಟ್ಯೂಬುಗಳನ್ನು ಬಿಚ್ಚಿ, ಅಬ್ಬಾನ ಹಾಗೆಯೇ ಊದಿ ನೀರಿಗದ್ದಿ, ಗುಳ್ಳೆ ಏಳದಿದ್ದುದನ್ನು ಕಂಡು, ಎಲ್ಲೂ ಸೋರಿಲ್ಲ ಸರ್ ಎಂದು ಬಂದು ಹೇಳಿದೆ. ಲೇಖನಕ್ಕೆ ಒಪ್ಪಿಗೆಯೂ ಸಿಕ್ಕಿತು. ನನ್ನ ಶಿಷ್ಯವೇತನ ಮುಂದುವರಿಯುವುದು ಅದರ ಮೇಲೆಯೇ ನಿಂತಿತ್ತು.

ಅಚ್ಚಾಗುವ ಮುನ್ನ ಅದೇ ಗ್ರ್ಯಾಫೀನ್ ತುಣುಕನ್ನು ಮತ್ತೆ ಅಳೆದಾಗ, ಪೊರೆ ತೂತಾಗಿ ಗೇಟಿನ ವಿದ್ಯುತ್ತೇ ಪದರಗಳಿಗೆ ನುಗ್ಗುತ್ತಿರುವುದು ಕಂಡಿತು. ಹತೋಟಿಯೆಂದು ನಾವು ಬರೆದದ್ದೆಲ್ಲ ಬರೀ ಸೋರಿಕೆ. ಅಳುತ್ತಲೇ ಟ್ಯೂಬಿನ ಸಂಗತಿ ಹೇಳಿದೆ. ಸರ್ ನಕ್ಕುಬಿಟ್ಟರು.

"ನಿಮ್ಮಪ್ಪ ಕಲಿಸಿದ ಕೆಲ್ಸ ಸರಿಯಾಗೇ ಮಾಡೀಯ ಬಿಡು. ಲೇಖನ ವಾಪಸ್ ತಗಳಾನ."

ಶಿಷ್ಯವೇತನದ ಗತಿಯೇನೆಂದು ಕೇಳಿದೆ.

"ಅದು ನಾನು ನೋಡ್ಕಂತೀನಿ. ನೀನು ಹೊಸ ತುಣುಕು ಮಾಡು."

ಶಿಷ್ಯವೇತನ ನಿಲ್ಲಲಿಲ್ಲ. ಹೊಸ ತುಣುಕಿನಲ್ಲಿ ಹತೋಟಿಯೂ ಸಿಕ್ಕಿತು. ಮೊದಲು ಹೇಳಿಕೊಂಡದ್ದರ ಕಾಲುಭಾಗ, ಆದರೆ ನಿಜವಾದದ್ದು.

ಶಿಷ್ಯವೇತನ ಮುಂದುವರಿಸಲು ಪ್ರಯೋಗಾಲಯದ ಸಮಿತಿ ಹೇಗೆ ಒಪ್ಪಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಸರ್ ಅವರ ಈ ಅಭಿನಂದನಾ ಸಂಪುಟಕ್ಕೆ ಬರೆಯಲೆಂದು ಹಳೆಯ ಕಡತ ತೆಗೆದಾಗ ಸರ್ ಅಂದು ಬರೆದ ಪತ್ರ ಸಿಕ್ಕಿತು: "ಸೋರಿಕೆ ಪರೀಕ್ಷಿಸದ ಲೋಪ ನನ್ನದು, ವಿದ್ಯಾರ್ಥಿನಿಯದಲ್ಲ." ಅವರ ಬಡ್ತಿ ಅದೇ ಸಮಿತಿಯ ಮುಂದಿದ್ದ ವರ್ಷವದು. ಬಡ್ತಿ ಆಮೇಲೆ ಬರಲೇ ಇಲ್ಲ.

ಆ ಇಡೀ ಕಡತದಲ್ಲಿ ನಿಜವಲ್ಲದ ಸಾಲು ಅದೊಂದೇ. ತಿದ್ದಲು ನನಗೆ ಈ ಪುಟ ಬಿಟ್ಟರೆ ಬೇರೆ ಜಾಗವಿಲ್ಲ: ಲೋಪ ನನ್ನದು. ಸರ್ ಅವರಿಗೆ ಆಯುರಾರೋಗ್ಯ ದೊರೆಯಲಿ. ಇದನ್ನೋದಿ ಪ್ರಯೋಗಾಲಯಕ್ಕೇ ಬಂದು ನನ್ನನ್ನು ಗದರುವಷ್ಟು ಗಟ್ಟಿಯಾಗಿ ಅವರು ಬಹುಕಾಲ ಇರಲಿ.