ಮೂರು ಜೊತೆ ಬಲ್ಬು

ಕಾರಿನ ಹೆಡ್‌ಲೈಟ್ ಮಂಕಾಗಿದೆ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಮಳೆಗಾಲದ ಕೊನೆಯಲ್ಲಿ. ಅದಕ್ಕೂ ಮೊದಲು ಮುಂದಿನ ಗಾಜನ್ನು ಸೋಪು ಹಾಕಿ ತೊಳೆದಿದ್ದೆ, ವೈಪರಿನ ರಬ್ಬರ್ ಬದಲಿಸಿದ್ದೆ, ಹೊಸ ಬ್ಯಾಟರಿ ಕೂರಿಸಿದ್ದೆ. ಯಾವುದರಿಂದಲೂ ರಸ್ತೆ ಸ್ಪಷ್ಟವಾಗಲಿಲ್ಲ. ಉಳಿದದ್ದು ಬಲ್ಬು.

ಆ ದೀಪದ ಮೇಲೆ ನಮ್ಮ ಮನೆಯ ವ್ಯವಸ್ಥೆ ನಿಂತಿತ್ತು. ನಾವಿರುವುದು ಹರಪನಹಳ್ಳಿಯಲ್ಲಿ. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಹೆಂಡತಿ ಹಿರೇಹಡಗಲಿ ಕಡೆಯ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್. ಅವಳ ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟು. ಹೋಗಲು ಬಸ್ಸಿದೆ, ಬರಲು ಇಲ್ಲ, ಕೊನೆಯ ಬಸ್ಸು ಆರೂವರೆಗೇ ಹೊರಟುಬಿಡುತ್ತದೆ. ಬೆಳಗಿನ ಪಾಳಿಯ ನರ್ಸಿಗೆ ಸಂಜೆ ಬಿಟ್ಟಿರಲಾಗದ ಚಿಕ್ಕ ಮಕ್ಕಳಿದ್ದವು. ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳುವಂತಿರಲಿಲ್ಲ. ಹಾಗಾಗಿ ನಾನು ಏಳರೊಳಗೆ ದಿನದ ಸುದ್ದಿ ಕಳುಹಿಸಿ, ಕಾರು ತೆಗೆದು, ಎಂಟಕ್ಕೆ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತಿದ್ದೆ. ಆರು ವರ್ಷ ಹೀಗೇ ನಡೆದಿತ್ತು. ಕತ್ತಲಲ್ಲಿ ಕಾರು ಓಡಿಸಲು ನನಗೆ ಸಾಧ್ಯವಿರುವಷ್ಟು ದಿನ ನಾವಿಬ್ಬರೂ ಒಂದೇ ಮನೆಯಲ್ಲಿ ಇರಬಹುದಿತ್ತು. ಲೆಕ್ಕ ಅಷ್ಟೇ.

ಬಸ್ ನಿಲ್ದಾಣದ ಹಿಂದೆ ವಾಹನಗಳ ವೈರಿಂಗ್ ಮಾಡುವ ಮೇಸ್ತ್ರಿಯ ಶೆಡ್ ಇದೆ. ಕೊಟ್ಟೂರಿನವರು, ಮದುವೆಯಾದ ಮೇಲೆ ಇಲ್ಲಿ ನೆಲೆಸಿದವರು. ಅವರು ಬಾನೆಟ್ ಎತ್ತಿ, ಹೋಲ್ಡರಿನಿಂದ ಹಳೆಯ ಬಲ್ಬು ಬಿಚ್ಚಿ, ಬಿಸಿಲಿಗೆ ಹಿಡಿದು ನೋಡಿದರು.

"ಇದ್ರಾಗ ಏನೂ ದೋಷ ಇಲ್ರಿ ಪೇಪರ್ನೋರ. ಹ್ಯಾಲೊಜನ್ ಅಂದ್ರ ಹಿಂಗ, ಹಳದಿ ಉಗುಳ್ತೈತಿ."

"ರಸ್ತಿ ಕಾಣವಲ್ದು."

"ಹಂಗಾದ್ರ ಎಲ್‌ಇಡಿ ಹಾಕಸ್ರಿ. ಈಗ ಟಂಟಂ ಆಟೋ ಹೊಡಿಯೋರು ಸೈತ ಅದನ್ನ ಹಾಕ್ಸಾಕತ್ಯಾರ. ಆಸ್ಮಾನ್ ಜಮೀನ್ ಫರಕ್ ಬರ್ತೈತಿ ನೋಡ್ರಿ."

ಮೊದಲ ಜೊತೆ ಅಚ್ಚ ಬಿಳಿಯದು. ಬಲ್ಬಿನ ಬೆನ್ನಿಗೆ ಬೆರಳುಗಾತ್ರದ ಫ್ಯಾನ್ ಇತ್ತು. ಅದಕ್ಕೆ ಜಾಗ ಮಾಡಲು ಹೋಲ್ಡರಿನ ರಬ್ಬರ್ ಮುಚ್ಚಳವನ್ನು ಕತ್ತರಿಸಬೇಕಾಯಿತು. ಕೆಲಸ ಹೇಗೂ ನಡೆದಿದೆ, ಎಲ್ಲವನ್ನೂ ಬದಲಿಸಿಬಿಡಿ ಎಂದೆ. ಬ್ರೇಕ್ ಲೈಟು, ರಿವರ್ಸ್ ಲೈಟು, ನಂಬರ್ ಪ್ಲೇಟಿನ ಲೈಟು, ನಾಲ್ಕು ಇಂಡಿಕೇಟರು. ಇಂಡಿಕೇಟರು ಹುಚ್ಚು ಹಿಡಿದಂತೆ ಪಟಪಟ ಹೊಡೆದುಕೊಳ್ಳತೊಡಗಿತು. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ, ಬಲ್ಬು ಸುಟ್ಟಿದೆಯೆಂದು ಕಾರು ತಿಳಿದುಕೊಳ್ಳುತ್ತದೆ ಎಂದು ವಿವರಿಸಿ, ಮೇಸ್ತ್ರಿ ನಾಲ್ಕು ರೆಸಿಸ್ಟರ್ ಕೂರಿಸಿದರು. ಕೊನೆಗೆ ಶೆಡ್ಡಿನ ಶಟರ್ ಎಳೆದು, ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಎರಡೂ ಬೆಳಕು ಆ ಗೆರೆಗಿಂತ ಮೇಲೇರದಂತೆ ತಿರುಪು ತಿರುಗಿಸಿದರು. ಶಟರ್ ಮೇಲೆ ಹಗಲಾಗಿತ್ತು. ನನಗೆ ತೃಪ್ತಿಯಾಯಿತು.

ಅದೇ ಸಂಜೆ ರಸ್ತೆಯಲ್ಲಿ ಆ ಹಗಲು ಇರಲಿಲ್ಲ. ಬೋರ್ಡು, ಮೈಲಿಗಲ್ಲು, ಎದುರಿನ ಲಾರಿಯ ಹಣೆ ಕಂಡವು. ನೆಲ ಕಾಣಲಿಲ್ಲ.

ನನ್ನದು ಬರೆದಿಡುವ ಅಭ್ಯಾಸ. ಡೈರಿಯಲ್ಲಿ ಸ್ಥಳ, ಸಮಯ, ಏನು ಕಾಣಲಿಲ್ಲ ಎಂದು ದಾಖಲಿಸಿದೆ. ಕೆರೆ ಏರಿಯ ತಿರುವು, ಏಳೂಕಾಲು, ಬಿಳಿ ಪಟ್ಟಿ. ಪೆಟ್ರೋಲ್ ಬಂಕಿನ ಮುಂದೆ, ಏಳೂವರೆ, ಎಮ್ಮೆ. ಎರಡು ವಾರದ ಟಿಪ್ಪಣಿಯನ್ನು ಮೇಸ್ತ್ರಿಯ ಮುಂದಿಟ್ಟೆ. ಅವರು ಓದಿ, "ಎಫ್ಐಆರ್ ಬರ್ದಂಗ ಬರ್ದೀರಲ್ರಿ," ಎಂದು ನಕ್ಕರು. ಕರಿ ಡಾಂಬರು ಬಿಳಿ ಬೆಳಕನ್ನು ನುಂಗುತ್ತದೆ ಎಂದು ಹೇಳಿ, ಸ್ವಲ್ಪ ಹಳದಿ ಬೆರೆತ ಎರಡನೆಯ ಜೊತೆ ಹಾಕಿದರು. ಅದೂ ಆಗಲಿಲ್ಲ. ಮೂರನೆಯದು ಎಲ್ಲಕ್ಕಿಂತ ಪ್ರಖರವಾದದ್ದು. ಅದನ್ನು ಹಾಕುವಾಗ ಅವರು ಎರಡು ಸಲ ಬೇಡವೆಂದರು.

"ಎದುರು ಬರೋರ ಕಣ್ಣು ಕುಕ್ತಾವ್ರಿ. ನೀವ ಪೇಪರ್‍ನ್ಯಾಗ ಬರ್ದಿದ್ರಿ, ಇಂಥಾ ಲೈಟಿಗೆ ಪೊಲೀಸರು ದಂಡ ಹಾಕಾಕತ್ಯಾರ ಅಂತ."

ಬರೆದದ್ದು ನಿಜ. ಚಿತ್ರಸಹಿತ ಎರಡು ಕಾಲಂ ಬಂದಿತ್ತು. ಆದರೂ ಹಾಕಿಸಿದೆ. ಎದುರು ಬರುವವರು ಡಿಮ್ ಮಾಡೆಂದು ದೀಪ ಮಿಟುಕಿಸುತ್ತಿದ್ದರು, ನಾನು ಆಗಲೇ ಡಿಮ್‌ನಲ್ಲಿರುತ್ತಿದ್ದೆ. ಒಬ್ಬ ಬೈಕಿನವನು ಪಕ್ಕಕ್ಕೆ ನಿಲ್ಲಿಸಿ, "ಯಾವ ಊರ ಮದ್ವಿ ಮೆರವಣಿಗಿಲೇ ಇದು?" ಎಂದು ಕೂಗಿದ.

ಅಷ್ಟರಲ್ಲಿ ಮೆಕ್ಕೆಜೋಳದ ಸುಗ್ಗಿ ಬಂತು. ಕಣ ಮಾಡುವವರು ಕಡಿಮೆಯಾಗಿ ಬಹಳ ವರ್ಷಗಳಾದವು. ನಮ್ಮಲ್ಲಿ ಕಾಳು ಒಣಗುವುದು ಡಾಂಬರಿನ ಮೇಲೆ. ರಸ್ತೆಯ ಅರ್ಧಕ್ಕೆ ಹರವುತ್ತಾರೆ, ಸಂಜೆ ಉದ್ದಕ್ಕೆ ಗುಡ್ಡೆ ಮಾಡಿ ಕಪ್ಪು ತಾಡಪಾಲು ಹೊದಿಸುತ್ತಾರೆ, ವಾಹನ ಹತ್ತದಿರಲೆಂದು ಸುತ್ತ ಕಲ್ಲಿಡುತ್ತಾರೆ. ಬೆಳಿಗ್ಗೆ ತಾಡಪಾಲು ಹೋಗುತ್ತದೆ, ಕಲ್ಲುಗಳು ಎಷ್ಟೋ ಸಲ ಅಲ್ಲೇ ಉಳಿಯುತ್ತವೆ. ಪ್ರತಿ ವರ್ಷ ಇದರ ಬಗ್ಗೆ ನಾನೊಂದು ವರದಿ ಬರೆಯುತ್ತೇನೆ. ರೈತರು ಅದನ್ನು ಓದುತ್ತಾರೆ, ಬೇರೆ ದಾರಿಯಿಲ್ಲದೆ ಮತ್ತೆ ಅಲ್ಲೇ ಹರವುತ್ತಾರೆ.

ಒಂದು ಸಂಜೆ ಆಸ್ಪತ್ರೆಗೆ ಹೋಗುವಾಗ ಎಡಗಡೆಯ ಚಕ್ರ ಅಂಥ ಕಲ್ಲಿನ ಸಾಲನ್ನು ಹತ್ತಿತು. ಎರಡು ಕಲ್ಲು ಹಾರಿದವು, ಮೂರನೆಯದು ಕಾರಿನ ಹೊಟ್ಟೆಗೆ ಬಡಿಯಿತು. ತಾಡಪಾಲು ಹರಿದು ಕಾಳು ಚೆಲ್ಲಿತು. ಗುಡ್ಡೆಯ ಆಚೆ ತುದಿಯಲ್ಲಿ ಕಾವಲು ಕೂತಿದ್ದ ಹೆಂಗಸು ಎದ್ದು ಬಂದಳು. ಚಕ್ರ ಹತ್ತಿದ ತುದಿಯಲ್ಲಿ ಕೂತಿರದ ಕಾರಣ ಬದುಕಿದ್ದಳು.

"ಹಗಲ ಮಾಡಿಟ್ಟೀಯಲ್ಲೋ ಯಪ್ಪಾ! ಇಷ್ಟು ಬೆಳಕಿನ್ಯಾಗ ಕಲ್ಲು ಕಾಣಲಿಲ್ಲಂದ್ರ ಏನು ನೋಡ್ಕೋತ ಬಂದಿ?"

ನಾನು ಕಾರಿನಿಂದ ಇಳಿದೆ. ಅವಳೊಂದಿಗೆ ಬಾಗಿ ಕಾಳು ಬಳಿದೆ. ನನ್ನ ಕೈಗೆ ಸಿಕ್ಕಿದ್ದು ದೀಪದ ನೇರಕ್ಕೆ ಇದ್ದದ್ದಷ್ಟೇ. ಪಕ್ಕದಲ್ಲಿ ಬಿದ್ದದ್ದನ್ನೆಲ್ಲ ಅವಳೇ ಬಳಿದಳು.

ಮರುದಿನ ಮೇಸ್ತ್ರಿಯ ಬಳಿ ಹೋಗಿ ನಾಲ್ಕನೆಯ ಜೊತೆ ಕೇಳಿದೆ. ಅವರು ಬಾನೆಟ್ ಎತ್ತಲಿಲ್ಲ. ಸಂಜೆ ಬರುತ್ತೇನೆ, ರಸ್ತೆಯಲ್ಲೇ ನೋಡೋಣ ಎಂದರು. ಏಳಕ್ಕೆ ಬಂದು ನನ್ನ ಪಕ್ಕ ಕೂತರು. ಊರು ದಾಟಿದ ಮೇಲೆ ಒಂದು ಜೋಳದ ಗುಡ್ಡೆಯ ಹತ್ತಿರ ನಿಲ್ಲಿಸಲು ಹೇಳಿದರು.

"ಲೈಟ್ ಆರಸಬ್ಯಾಡ್ರಿ. ಎಷ್ಟು ಕಲ್ಲದಾವ, ಎಣಸ್ರಿ."

"ಮೂರು."

ಅವರು ಇಳಿದರು. ಬೆಳಕಿನಲ್ಲಿ ನಡೆಯುತ್ತ ಒಂದೊಂದು ಕಲ್ಲನ್ನೂ ಕಾಲಿನಿಂದ ಮುಟ್ಟಿ ಗಟ್ಟಿಯಾಗಿ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯ ಕಲ್ಲಿನ ಹೊತ್ತಿಗೆ ಅವರು ರಸ್ತೆಯ ಅಂಚಿಗೆ ತಿರುಗಿದರು, ನನಗೆ ಕಾಣದಾದರು. ದನಿ ಮಾತ್ರ ಮುಂದುವರಿಯಿತು. ಹನ್ನೊಂದು ಎಂದು ನಿಂತಿತು.

ಅಪಘಾತದ ಸುದ್ದಿಗೆ ಹೋದಾಗ ನೋಡಿದವರನ್ನು ನಾನು ಮೊದಲು ಕೇಳುವುದು, ಎಲ್ಲಿ ನಿಂತಿದ್ದಿರಿ, ನಿಮಗೆ ಎಷ್ಟು ಕಂಡಿತು ಎಂದು. ಬಲ್ಬು, ಬ್ಯಾಟರಿ, ಡಾಂಬರು, ರೈತರು, ಎಲ್ಲರನ್ನೂ ವಿಚಾರಿಸಿದ್ದೆ. ಆ ಪ್ರಶ್ನೆಯನ್ನು ನನಗೆ ಹಾಕಿಕೊಂಡಿರಲಿಲ್ಲ.

ಮೇಸ್ತ್ರಿ ಚಾಲಕನ ಬಾಗಿಲಿಗೆ ಬಂದು ತೆರೆದರು. "ಆ ಕಡಿ ಸರಿರ್ರಿ. ನಾ ಹೊಡಿತೀನಿ. ಅಕ್ಕೋರನ್ನ ಕರ್ಕೊಂಡು ಬರೂಣು."

ಆಸ್ಪತ್ರೆಯ ಗೇಟಿನಲ್ಲಿ ಹೆಂಡತಿ ಅವರನ್ನು ಸ್ಟೀರಿಂಗ್ ಹಿಂದೆ ಕಂಡು, "ಏನ್ರಿ ಭಾಯ್, ಕಾರು ನಿಮಗ ಮಾರ್ಯಾರೇನು?" ಎಂದಳು.

"ಇಲ್ರಿ ಅಕ್ಕೋರ, ಟ್ರಯಲ್ ನೋಡಾಕತ್ತೀವ್ರಿ."

ಅವಳು ಹಿಂದೆ ಕೂತಳು. ಊರು ಮುಟ್ಟುವವರೆಗೂ ಒಂದು ಮಾತಾಡಲಿಲ್ಲ.

ಅವಳು ಕಾರಿನಲ್ಲಿ ಸುಮ್ಮನಿದ್ದುದನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ನನ್ನ ಪಕ್ಕ ಕೂತರೆ ದಾರಿಯುದ್ದಕ್ಕೂ ಮಾತು. ಆ ಟ್ರ್ಯಾಕ್ಟರಿಗೆ ಹಿಂದ ಲೈಟೇ ಇಲ್ಲ ನೋಡ್ರಿ. ಯಾರೋ ಅಜ್ಜ ಒಬ್ಬನ ಹೊಂಟಾನ ಪಾಪ. ಇಲ್ಲಿ ಯಾರ ಜ್ವಾಳನೋ, ಅರ್ಧ ರಸ್ತಿ ಹಿಡಿದೈತಿ. ದಿನವಿಡೀ ರೋಗಿಗಳ ನಡುವೆ ಇದ್ದು ಬಂದವಳ ಹರಟೆ ಎಂದುಕೊಂಡಿದ್ದೆ. ಕಲ್ಲು ಹತ್ತಿದ್ದು ಅವಳನ್ನು ಕರೆತರಲು ಹೋಗುವಾಗ, ನಾನೊಬ್ಬನೇ ಇದ್ದಾಗ. ಡೈರಿಯ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಒಂದೂ ಬಿಡದಂತೆ ಎಲ್ಲವೂ ಏಳರಿಂದ ಎಂಟರೊಳಗಿನವು. ಎಂಟರ ನಂತರ, ಅವಳು ಪಕ್ಕದಲ್ಲಿದ್ದಾಗ, ನನಗೆ ಎಲ್ಲವೂ ಕಂಡಿತ್ತು.

ಊಟಕ್ಕೆ ಕೂತಾಗ ಕೇಳಿದೆ. "ಯಾವಾಗಿಂದ ಗೊತ್ತು?"

"ಹ್ವಾದ ವರ್ಷ. ಕರೆಂಟ್ ಹೋದಾಗ ನೀವು ಗೋಡಿ ಹಿಡ್ಕೊಂಡು ಅಡಗಿಮನಿಗೆ ಬಂದ್ರಿ. ಎಲ್ಲಾರೂ ಹಂಗ ಬರ್ತಾರ. ಆದ್ರ ನಾ ಮೊಬೈಲ್ ಬೆಳಕು ಹಿಡಿದಿದ್ದೆ, ಆಗೂ ನೀವು ಗೋಡಿ ಬಿಡಲಿಲ್ಲ."

"ಹೇಳಬೇಕಿತ್ತು."

"ಹೇಳಿದ್ರ ಮರುದಿನದಿಂದ ನೀವು ಬರ್ತಿದ್ದಿಲ್ಲ." ನನ್ನ ತಟ್ಟೆಗೆ ಅನ್ನ ಬಡಿಸುತ್ತ, "ನರ್ಸ್ ಆಗಿ ನಾ ಮಾಡಿದ್ದು ತಪ್ಪು. ಗೊತ್ತೈತಿ," ಎಂದಳು. ಜೋಳದ ಗುಡ್ಡೆಯ ಹೆಂಗಸಿನ ವಿಷಯ ನಾನು ಹೆಂಡತಿಗೆ ಮೊದಲ ಸಲ ಹೇಳಿದ್ದು ಆಗ. ಅವಳು ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡಳು.

ದಾವಣಗೆರೆಯ ಕಣ್ಣಿನ ವೈದ್ಯರು ಅರ್ಧ ದಿನ ಪರೀಕ್ಷೆ ಮಾಡಿದರು. ಕಣ್ಣಿನ ಹಿಂಪರದೆಯ ಅಂಚಿನಿಂದ ಕೋಶಗಳು ಸಾಯುತ್ತಾ ಬರುತ್ತಿವೆ. ಮೊದಲು ಕತ್ತಲು ಹೋಗುತ್ತದೆ, ಆಮೇಲೆ ಪಕ್ಕದ ನೋಟ, ಎಲ್ಲಕ್ಕಿಂತ ಕೊನೆಗೆ ಓದುವ ನಡುಭಾಗ. ಹಗಲಿನ ಚಾಲನೆ ಸದ್ಯಕ್ಕೆ ಮಾಡಬಹುದು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಔಷಧವಿದೆಯೇ ಎಂದೆ, ಇಲ್ಲವೆಂದರು. ಬೇರೆ ಮಾತಿನಲ್ಲಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವುದು ನಮ್ಮ ಕಸುಬಿನ ಪದ್ಧತಿ. ಕೇಳಿದೆ. ಉತ್ತರ ಬದಲಾಗಲಿಲ್ಲ.

ದಾರಿಗಳನ್ನು ಒಂದೊಂದಾಗಿ ನೋಡಿದೆವು. ದಿನಾ ಸಂಜೆಗೆ ಚಾಲಕನನ್ನು ಇಡುವುದು ನಮ್ಮಿಬ್ಬರ ಸಂಬಳದಲ್ಲಿ ಆಗುವ ಮಾತಲ್ಲ. ನಾನೇ ಆ ಹಳ್ಳಿಗೆ ಹೋಗಿ ಇದ್ದರೆ ಠಾಣೆ, ಕೋರ್ಟು, ತಾಲ್ಲೂಕು ಕಚೇರಿ ಎಲ್ಲ ಇಲ್ಲೇ ಉಳಿಯುತ್ತವೆ. ಸುದ್ದಿ ಕಳುಹಿಸಿ ಮುಗಿಸುವ ಹೊತ್ತಿಗೆ ವಾಪಸು ಹೋಗಲು ಬಸ್ಸಿಲ್ಲ. ವರ್ಗಾವಣೆಗೆ ಅವಳು ಅರ್ಜಿ ಕೊಟ್ಟಳು. ಅಂಥ ಅರ್ಜಿಗಳು ಎಷ್ಟು ದಿನ ಮೇಜಿನ ಮೇಲಿರುತ್ತವೆ ಎಂಬುದನ್ನು ನಾನೇ ಹಲವು ಸಲ ವರದಿ ಮಾಡಿದ್ದೇನೆ. ಕೊನೆಗೆ ಉಳಿದದ್ದು, ಆಸ್ಪತ್ರೆಯ ಪಕ್ಕ ಅವಳೊಂದು ಕೋಣೆ ಹಿಡಿಯುವುದು, ವಾರದ ರಜೆಯ ದಿನ ಬಸ್ಸಿನಲ್ಲಿ ಬಂದು ಹೋಗುವುದು.

ಹಳೆಯ ಬಲ್ಬು ಎತ್ತಿಟ್ಟಿದ್ದೇನೆ, ಮತ್ತೆ ಹಾಕಿಕೊಡಲೇ ಎಂದು ಮೇಸ್ತ್ರಿ ಕೇಳಿದರು. ಬೇಡವೆಂದೆ. ಹಚ್ಚದ ದೀಪ ಯಾವುದಾದರೇನು.

ಸಾಮಾನು ಒಯ್ದದ್ದು ಅವಳ ರಜೆಯ ದಿನ, ಮಧ್ಯಾಹ್ನ. ಗ್ಯಾಸ್ ಒಲೆ, ಎರಡು ಪಾತ್ರೆ, ಹಾಸಿಗೆಯ ಸುರುಳಿ, ಸಮವಸ್ತ್ರದ ಪೆಟ್ಟಿಗೆ. ಕೋಣೆ ಚಿಕ್ಕದು, ಕಿಟಕಿ ಒಂದು. ನಾನು ಗೋಡೆಗೆ ಮೊಳೆ ಹೊಡೆದೆ, ಅವಳು ಚಹಾ ಮಾಡಿದಳು. ಒಂದೇ ಲೋಟ ತಂದಿದ್ದಳು. ಮೊದಲು ನಾನು ಕುಡಿದೆ, ತೊಳೆದು ಆಮೇಲೆ ಅವಳು. ನಾಲ್ಕೂವರೆಗೆ ಬಾಗಿಲಿಗೆ ಬಂದು ಆಕಾಶ ನೋಡಿದಳು.

"ಹೊರಡ್ರಿ ಇನ್ನ. ಹೊತ್ತಾತು."

"ಇನ್ನೂ ಬಿಸಿಲೈತಿ."

"ಬಿಸಿಲಿದ್ದಾಗ ಹೋಗ್ಬೇಕಲ್ರಿ."

ಹೊರಟೆ. ರಸ್ತೆಯ ಅಂಚಿನಲ್ಲಿ ಜೋಳ ಒಣಗುತ್ತಿತ್ತು, ಹೆಂಗಸರು ಕಾಲಿನಿಂದ ಕಾಳು ತಿರುವುತ್ತಿದ್ದರು. ಎಲ್ಲವೂ ಚೆನ್ನಾಗಿ ಕಂಡಿತು. ಮನೆಯ ಮುಂದೆ ಕಾರು ನಿಲ್ಲಿಸಿ ಬೀಗ ತೆಗೆದೆ. ಐದೂಕಾಲು ಆಗಿತ್ತು. ಸೂರ್ಯ ಮುಳುಗಲು ಇನ್ನೂ ಸಮಯವಿತ್ತು. ಅದಕ್ಕಿಂತ ಮುಂಚೆ ಒಳಗಿನ ದೀಪಗಳನ್ನೆಲ್ಲ ಹಾಕಿಟ್ಟುಕೊಂಡು ಕೂತೆ.