ಮಗುಚಿ ನೋಡಿದ ಹುಲ್ಲು ಯಂತ್ರ

ನಾನು ನರ್ಸ್. ಮಸ್ಕತ್‌ನ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಈಗ ಮಡಂತ್ಯಾರಿನ ಕ್ಲಿನಿಕ್ಕಿನಲ್ಲಿ ಅರ್ಧ ದಿನ ಕೂರುತ್ತೇನೆ. ಕೀವು, ರಕ್ತ, ವಾಂತಿ, ಕೊಳೆತ ಬೆರಳು ಎಲ್ಲವನ್ನೂ ಕೈಯಾರೆ ತೊಳೆದಿದ್ದೇನೆ. ತೊಳೆದು ಬಂದು ಊಟ ಮಾಡಿದ್ದೇನೆ. ಹೇಸಿಗೆ ಎನ್ನುವುದು ನನ್ನ ಮೈಯಲ್ಲಿ ಹುಟ್ಟುವುದೇ ಇಲ್ಲ ಎಂದುಕೊಂಡಿದ್ದೆ. ಅದು ಹುಟ್ಟಿದ್ದು ಹುಲ್ಲು ಕತ್ತರಿಸುವ ಯಂತ್ರದ ದೆಸೆಯಿಂದ.

ನನ್ನ ಗಂಡ ಮಸ್ಕತ್‌ನಲ್ಲೇ ಹೋಟೆಲೊಂದರ ಮ್ಯಾನೇಜರ್ ಆಗಿದ್ದವರು. ಊರಿಗೆ ಬಂದು ಮನೆ ಕಟ್ಟಿಸುವಾಗ ಅವರಿಗಿದ್ದ ಒಂದೇ ಹಟವೆಂದರೆ ಮುಂದೆ ಹುಲ್ಲುಹಾಸು ಬೇಕು ಎಂಬುದು. ಅಲ್ಲಿ ಮರಳಿನ ನಡುವೆ ಪೈಪಿನ ನೀರು ಬಿಟ್ಟು ಬಿಟ್ಟು ಹುಲ್ಲನ್ನು ಬದುಕಿಸುವುದನ್ನು ಅವರು ನೋಡಿದ್ದರು. ಶ್ರೀಮಂತರ ಮನೆ ಎಂದರೆ ಹುಲ್ಲು ಎಂದು ಅವರ ತಲೆಯಲ್ಲಿ ಕೂತಿತ್ತು. ಇಲ್ಲಿ ಕಷ್ಟವಿರುವುದು ಹುಲ್ಲನ್ನು ತಡೆಯುವುದರಲ್ಲಿ ಎಂದು ನಾನು ಹೇಳಿದ್ದನ್ನು ಅವರು ಕೇಳಲಿಲ್ಲ. ಗೇಟಿನಿಂದ ಮೆಟ್ಟಿಲಿನವರೆಗೆ ಇಳಿಜಾರಾಗಿ ಹಾಸಿಸಿದರು. ಜೂನ್ ಮುಗಿಯುವುದರೊಳಗೆ ಅದು ಮೊಣಕಾಲು ಮುಟ್ಟಿತು.

ರಬ್ಬರ್ ತೋಟಗಳಲ್ಲಿ ಕಳೆ ಕತ್ತರಿಸುವ ಒಬ್ಬರನ್ನು ಕರೆಸಿದೆವು. ಹೆಗಲಿಗೆ ನೇತುಹಾಕಿಕೊಳ್ಳುವ ಯಂತ್ರ ಅವರದು. ತುದಿಯಲ್ಲಿ ಗರಗರ ತಿರುಗುವ ಅಲಗು. ಅವರು ಗೋಡೆಯ ಬದಿಗೆ ಬಂದಾಗ ನಾನು ಮುಂಬಾಗಿಲ ಸಿಟೌಟಿನಲ್ಲಿ ನಿಂತಿದ್ದೆ. ಯಂತ್ರದ ಸದ್ದು ಒಂದು ಕ್ಷಣ ದಪ್ಪವಾಯಿತು. ಬಿಳಿ ಗೋಡೆಯ ಮೇಲೆ, ನನ್ನ ಸೀರೆಯ ನೆರಿಗೆಯ ಮೇಲೆ, ಬಾಗಿಲ ಕಾಲೊರಸಿನ ಮೇಲೆ ಏನೋ ಸಿಡಿಯಿತು. ಗೋಂಕರು ಕಪ್ಪೆಗಳು. ಒಂದಲ್ಲ, ಒಂದು ಗುಂಪೇ ಆ ತಂಪಿನಲ್ಲಿ ಕೂತಿದ್ದಿರಬೇಕು. ಅರ್ಧ ಮೈಯ ಒಂದು ಕಪ್ಪೆ ಇನ್ನೂ ಕಾಲೆಳೆಯುತ್ತಿತ್ತು.

ಗಂಡ ಒಳಗಿನಿಂದ ಬಂದು ನೋಡಿದ್ದು ಗೋಡೆಯನ್ನು. ಪೈಪ್ ತಾ ಬೇಗ, ಒಣಗಿದರೆ ಪೇಂಟಿನ ಮೇಲಿಂದ ಹೋಗುವುದಿಲ್ಲ ಎಂದರು. ನಾನು ಪೈಪ್ ತರಲಿಲ್ಲ. ಸ್ನಾನದ ಕೋಣೆಗೆ ಹೋಗಿ ವಾಂತಿ ಮಾಡಿದೆ. ಆಪರೇಷನ್ ಕೋಣೆಯಲ್ಲಿ ಎಂದೂ ಮಾಡದಿದ್ದವಳು.

ಆ ಯಂತ್ರ ಇನ್ನು ಗೇಟಿನೊಳಗೆ ಬರಬಾರದು ಎಂದು ಹೇಳಿಬಿಟ್ಟೆ. ಹಾಗಾದರೆ ನಮ್ಮದೇ ಒಂದು ಬೇಕು, ಚಕ್ರದ ಮೇಲೆ ಓಡುವಂಥದ್ದು. ಆದರೆ ಗಂಡನ ಬಲ ಭುಜ ಹಿಂದಿನ ವರ್ಷ ಮುರಿದು ಅದಕ್ಕೆ ಪ್ಲೇಟು ಹಾಕಿದ್ದರು. ಭಾರ ತಳ್ಳಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದರೆ ಓಡಿಸಬೇಕಾದವಳು ನಾನೇ. ಒದ್ದೆ ಹುಲ್ಲಿನಲ್ಲಿ ಏರು ಹತ್ತಿಸಿ ತಳ್ಳಲು ನನ್ನಿಂದಲೂ ಆಗದು. ಹಿಡಿಯ ಸರಳನ್ನು ಒತ್ತಿದರೆ ಚಕ್ರಗಳು ತಾವೇ ಉರುಳಿ ಮುಂದಕ್ಕೆ ಹೋಗುವ ಯಂತ್ರವಿದೆ ಎಂದು ತಿಳಿಯಿತು. ಅದನ್ನೇ ಹುಡುಕಲು ಹೊರಟೆವು.

ಮೊದಲು ಬಂಟ್ವಾಳದ ಕಡೆ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿನ ಮಾರಾಟಗಾರ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು, ಕೌಂಟರಿನ ಮೇಲಿದ್ದ ನೀರಿನ ಬಾಟಲಿಯೊಳಗೆ ಆಗಾಗ ಉಗುಳುತ್ತಿದ್ದ. ಆ ಕೆಂಪು ಬಾಟಲಿ ಯಂತ್ರಗಳ ಬಣ್ಣದ ಚಿತ್ರಗಳ ಪಕ್ಕದಲ್ಲೇ ಇತ್ತು. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದದ್ದು ಗಂಡನಿಗೆ. ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೆ ಹೋಗುತ್ತದೋ ಹಿಂದಿನದಕ್ಕೋ ಎಂದು ಕೇಳಿದೆ. ಎರಡೂ ಒಂದೇ ಸಾರ್ ಎಂದು ಗಂಡನಿಗೆ ಹೇಳಿದ. ಓಡಿಸುವವಳು ನಾನೆಂದಾಗ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಹೆಂಗಸರಿಗೆ ಬ್ಯಾಟರಿಯ ಪುಟ್ಟದೊಂದು ಸಾಕು ಎಂದು ಮತ್ತೊಮ್ಮೆ ಉಗುಳಿದ. ಮಳೆಗಾಲದ ಹುಲ್ಲಿಗೆ ಅದು ಸಾಲುತ್ತದೆಯೇ ಎಂದು ಕೇಳುವ ಮನಸ್ಸೇ ಆಗಲಿಲ್ಲ. ಹೊರಗೆ ಬಂದೆ.

ಮುಂದಿನ ಭಾನುವಾರ ಬೆಳ್ತಂಗಡಿಗೆ ಹೋದೆವು. ಅಲ್ಲಿಯ ಅಂಗಡಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ, ನಯವಾದ ಮಾತಿನ ಮನುಷ್ಯ. ನಮ್ಮನ್ನು ಕೂರಿಸಿ ಜ್ಯೂಸ್ ತರಿಸಿದರು. ಕೆಂಪಗೆ ಹೊಳೆಯುವ ಯಂತ್ರವೊಂದನ್ನು ತೋರಿಸಿ, ನಿನ್ನೆಯಷ್ಟೇ ಬಂದ ಮಾಲು, ಇದೊಂದೇ ಉಳಿದಿರುವುದು ಎಂದರು. ಗಂಡ ಆಗಲೇ ಅದರ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು.

ನನಗೆ ಮೂಗು ಮೊದಲು ಹೇಳಿತು. ಆ ಯಂತ್ರದ ಹತ್ತಿರ ಬಗ್ಗಿದಾಗ, ತುಂಬ ದಿನ ಮಲಗಿದಲ್ಲೇ ಇದ್ದ ರೋಗಿಯ ಬೆನ್ನಿನ ಹುಣ್ಣಿನ ವಾಸನೆ ಬಂತು. ಅದನ್ನು ಮರೆಯುವವಳಲ್ಲ ನಾನು. ಇದನ್ನು ಸ್ವಲ್ಪ ಮಗುಚಿ ತೋರಿಸಿ ಎಂದೆ.

"ಮಗುಚಿದರೆ ಎಣ್ಣೆ ಚೆಲ್ತದೆ ಅಕ್ಕ," ಎಂದರು ಅವರು.

"ನಿನ್ನೆ ಬಂದ ಯಂತ್ರದಲ್ಲಿ ಎಣ್ಣೆ ಎಲ್ಲಿಂದ?"

ಅವರು ಗಂಡನ ಮುಖ ನೋಡಿದರು. ನಾನೇ ಹಿಡಿ ಹಿಡಿದು ಮುಂದಿನ ಚಕ್ರಗಳನ್ನು ಮೇಲಕ್ಕೆತ್ತಿದೆ. ಕೆಳಗೆ, ಅಲಗಿನ ಸುತ್ತ, ಕಪ್ಪಾಗಿ ಹೆಪ್ಪುಗಟ್ಟಿದ ಹಳೆಯ ಹುಲ್ಲು ಬೆರಳು ದಪ್ಪಕ್ಕೆ ಅಂಟಿತ್ತು. ಅದರೊಳಗೆ ಬಿಳಿ ಹುಳಗಳು ಹೊರಳುತ್ತಿದ್ದವು. ಒಂದು ಬದಿಯಲ್ಲಿ ಒಣಗಿದ ಕಪ್ಪೆಯ ಹಿಂಗಾಲು, ಪಾದ ಅಗಲಿಸಿಕೊಂಡು, ಲೋಹಕ್ಕೆ ಅಂಟಿಕೊಂಡಿತ್ತು. ಯಾರೋ ಒಂದು ಮಳೆಗಾಲ ಓಡಿಸಿ ಹಿಂದಿರುಗಿಸಿದ್ದು. ಮೇಲಿನ ಮೈಗೆ ಮಾತ್ರ ಮೇಣ ಉಜ್ಜಿ ಹೊಳೆಸಿದ್ದರು.

"ಡೆಮೋಗೆ ಒಂದೆರಡು ಸಲ ಓಡಿಸಿದ್ದು, ಅಷ್ಟೆ," ಎಂದರು ಅಂಗಡಿಯವರು. ಮುಖದ ನಗು ಹಾಗೆಯೇ ಇತ್ತು.

ನಾನು ಗಂಡನ ಕಡೆ ತಿರುಗಿದೆ. ಅವರು, "ತೊಳೆದು ಕೊಡ್ತಾರಲ್ಲ ಮಾರಾಯ್ತಿ. ತೊಳೆದರೆ ಹೋಗ್ತದೆ," ಎಂದರು.

ಅಂಗಡಿಯವರಿಗೆ ಧೈರ್ಯ ಬಂತು. ನಿಮ್ಮ ಮನೆಯವರಿಗೆ ಸಂಶಯ ಸ್ವಲ್ಪ ಜಾಸ್ತಿ ಎಂದು ಗಂಡನಿಗೆ ಹೇಳಿದರು. ಗಂಡ ನಕ್ಕರು. ಹುಳ ನೋಡಿದಾಗಲೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ. ಉಳಿದ ಜ್ಯೂಸನ್ನು ಅಲ್ಲೇ ಬಿಟ್ಟೆ. ಹೋಗಿ ಕಾರಿನಲ್ಲಿ ಕುಳಿತೆ.

ಗುರುವಾಯನಕೆರೆ ದಾಟಿದ ಮೇಲೆ ನಾನೇ ಕೇಳಿದೆ, "ನೀವು ನಕ್ಕದ್ದು ಯಾಕೆ?"

"ಮತ್ತೆ ಅಂಗಡಿಯಲ್ಲಿ ಜಗಳ ಮಾಡುವುದಾ?"

"ಜಗಳ ಬೇಡ. ನಗದೆ ಇದ್ದರೆ ಸಾಕಿತ್ತು."

ಅವರು ರೇಡಿಯೋ ಹಾಕಿದರು.

ಮೂಡುಬಿದಿರೆಗೆ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಅಲ್ಲಿಯ ಅಂಗಡಿಯಾತ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ನಾನು ಬಂದದ್ದು ಅವನಿಗೆ ಬೇಕಾಗಿಯೂ ಇರಲಿಲ್ಲ, ಬೇಡವಾಗಿಯೂ ಇರಲಿಲ್ಲ. ನನಗೆ ಅದೇ ಹಿತವಾಯಿತು. ಅಂಗಡಿಯ ಹಿಂದೆ ಪಾಗಾರದ ಗೋಡೆಯವರೆಗೆ ಒಂದು ಇಳಿಜಾರು, ಅದರ ತುಂಬ ಹುಲ್ಲು. ಅಲ್ಲಿ ಓಡಿಸಿ ನೋಡಬಹುದೇ ಎಂದು ಕೇಳಿದೆ. ಹೊರಗಿಟ್ಟ ಮಾದರಿಗಳನ್ನು ಓಡಿಸಿ ನೋಡಿ ಎಂದು ಹೇಳಿ ಕ್ರಿಕೆಟ್ಟಿಗೆ ಮರಳಿದ.

ಸೀರೆಯ ಸೆರಗು ಸಿಕ್ಕಿಸಿಕೊಂಡು ಒಂದೊಂದನ್ನೇ ಓಡಿಸಿದೆ. ಬ್ಯಾಟರಿಯದು ಸದ್ದಿಲ್ಲದೆ ಚೆನ್ನಾಗಿ ಹೊರಟು, ಒದ್ದೆ ಹುಲ್ಲಿನ ನಡುವೆ ಉಸಿರುಗಟ್ಟಿದಂತೆ ನಿಂತುಬಿಟ್ಟಿತು. ಮುಂದಿನ ಚಕ್ರಕ್ಕೆ ಬಲವಿದ್ದದ್ದು ಸಮತಟ್ಟಿನಲ್ಲಿ ಸಲೀಸು. ಆದರೆ ಹಿಂದಿನ ಚೀಲದಲ್ಲಿ ಹುಲ್ಲು ತುಂಬಿದಂತೆ ಮೂಗು ಮೇಲೆದ್ದು, ಏರಿನಲ್ಲಿ ಚಕ್ರಗಳು ಸುಮ್ಮನೆ ಕೆಸರು ಕೆದರಿದವು. ಹಿಂದಿನ ಚಕ್ರದ್ದು ಹಾಗಲ್ಲ. ಚೀಲ ಭಾರವಾದಷ್ಟೂ ನೆಲವನ್ನು ಕಚ್ಚಿ ಹಿಡಿದು ಹತ್ತಿತು. ನಾನು ಅದರ ಹಿಂದೆ ನಡೆದೆನೇ ಹೊರತು ತಳ್ಳಲಿಲ್ಲ. ವೇಗವನ್ನು ನನ್ನ ನಡಿಗೆಗೆ ಇಳಿಸಿಕೊಳ್ಳಬಹುದಿತ್ತು. ಅಲಗಿಗೊಂದು, ಚಕ್ರಕ್ಕೊಂದು ಸರಳು, ಬಿಟ್ಟರೆ ಅಲಗೂ ಚಕ್ರವೂ ನಿಲ್ಲುತ್ತಿದ್ದವು. ಎರಡೂ ಒಂದೇ ಎಂದವನ ಕೆಂಪು ಬಾಟಲಿ ಕಣ್ಣ ಮುಂದೆ ಬಂತು.

ಅದೇ ಮಾದರಿಯ ಮುಚ್ಚಿದ ಪೆಟ್ಟಿಗೆಯನ್ನು ನನ್ನೆದುರೇ ಒಡೆಸಿದೆ. ಎಂಜಿನ್ನಿಗೆ ಎಣ್ಣೆ ಹಾಕುವ ಮೊದಲು ಮಗುಚಿಸಿ ಕೆಳಭಾಗವನ್ನು ಬೆರಳಿನಿಂದ ಸವರಿದೆ. ಪೇಂಟ್, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಗೂಡ್ಸ್ ಟೆಂಪೋದಲ್ಲಿ ಅದು ನಮ್ಮ ಗೇಟಿಗೆ ಬಂತು.

ಓಡಿಸುವ ಮೊದಲು ನಾನು ಕೋಲು ಹಿಡಿದು ಹುಲ್ಲನ್ನೆಲ್ಲ ತಟ್ಟಿ ಬರುತ್ತೇನೆ. ಕಪ್ಪೆಗಳು ಕುಪ್ಪಳಿಸಿ ಪಾಗಾರದಾಚೆ ಹೋಗುತ್ತವೆ, ಹೋಗದವನ್ನು ಬಕೆಟ್ಟಿನಲ್ಲಿ ಹಾಕಿ ದಾಟಿಸುತ್ತೇನೆ. ಆಮೇಲೆ ಯಂತ್ರ. ಮೊದಲ ವಾರ ಎಲ್ಲ ಸರಿಯಿತ್ತು. ಎರಡನೆಯ ವಾರ, ನಾನು ನೀರು ಕುಡಿಯಲು ಹೊರಟಾಗ, ಗಂಡ ನೆರೆಮನೆಯವರ ಕೈಗೆ ಫೋನ್ ಕೊಟ್ಟು, ನಾನು ಒತ್ತಿ ಹಿಡಿದಿದ್ದ ಹಿಡಿಯನ್ನು ಹಾಗೆಯೇ ಎಡಗೈಗೆ ತೆಗೆದುಕೊಂಡು, ಓಡುತ್ತಿರುವ ಯಂತ್ರದ ಹಿಂದೆ ಸ್ವಲ್ಪ ದೂರ ನಡೆದರು. ಆ ವಿಡಿಯೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು. ಹೆಬ್ಬೆರಳುಗಳು, ಚಪ್ಪಾಳೆಗಳು ಬಂದವು. ಸಂಜೆ ನಾದಿನಿ ಫೋನ್ ಮಾಡಿ, ಭುಜ ನೋವಿದ್ದರೂ ಅಣ್ಣನೇ ಮಾಡ್ತಾನಲ್ಲ, ನೀನು ಸ್ವಲ್ಪ ಕೈಜೋಡಿಸಬಾರದಾ ಎಂದಳು. ಗಂಡ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ಸ್ಪೀಕರಿನಲ್ಲಿದ್ದ ಆ ಮಾತು ಅವರಿಗೂ ಕೇಳಿತು. ಬಿಸ್ಕತ್ತು ಅದ್ದಿ ತಿಂದರು. ನನ್ನ ಲೋಟದ ಚಹಾವನ್ನು ನಾನು ಬಚ್ಚಲಿಗೆ ಸುರಿದೆ.

ಕೆಲವು ದಿನಗಳ ನಂತರ ಅವರ ಮಸ್ಕತ್‌ನ ಗೆಳೆಯರೊಬ್ಬರು ತೋಡಾರಿನಿಂದ ಹೆಂಡತಿಯೊಂದಿಗೆ ಊಟಕ್ಕೆ ಬಂದರು. ವಿಡಿಯೋ ಅವರಿಗೂ ಮುಟ್ಟಿತ್ತು. ಅವರಿಗೂ ಹುಲ್ಲು ಹಾಸಿಸುವ ಆಸೆ. ಒಮ್ಮೆ ಓಡಿಸಿ ತೋರಿಸು ಎಂದರು. ಗಂಡ ಅಂಗಳಕ್ಕಿಳಿದು ಎಡಗೈಯಲ್ಲಿ ಎಂಜಿನ್ನಿನ ಹಗ್ಗ ಎಳೆದರು. ಸ್ಟಾರ್ಟ್ ಆಗಲಿಲ್ಲ. ಮತ್ತೆ ಎಳೆದರು. ಅಲಗಿನ ಸರಳನ್ನು ಹಿಡಿಗೆ ಒತ್ತಿ ಹಿಡಿಯದೆ ಅದು ಸ್ಟಾರ್ಟ್ ಆಗುವುದೇ ಇಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಬೆವರಿದರು. ಗೆಳೆಯರು ಹುಲ್ಲನ್ನು ನೋಡಿದರು. ನಾನು ಸಿಟೌಟಿನಲ್ಲೇ ನಿಂತಿದ್ದೆ, ಇಳಿಯಲಿಲ್ಲ.

ಗೆಳೆಯರ ಹೆಂಡತಿ ನನ್ನ ಪಕ್ಕ ಬಂದು ಮೆಲ್ಲನೆ ಕೇಳಿದರು, "ಇದನ್ನು ಓಡಿಸುವುದು ನೀವಾ ಅಕ್ಕ?"

"ಹೌದು."

ಅವರು ಅಂಗಳದಲ್ಲಿದ್ದ ತಮ್ಮ ಗಂಡನ ಕಡೆ ನೋಡಿದರು. "ಹಾಗಾದರೆ ನಮ್ಮಲ್ಲಿ ಹುಲ್ಲೇ ಬೇಡ ಅಂತ ಇವತ್ತೇ ಹೇಳ್ತೇನೆ," ಎಂದರು.

ಅವರು ಹೋದ ಮೇಲೆ ಗಂಡ ಮುಖ ಊದಿಸಿಕೊಂಡು, ಹೇಳಿಕೊಡಬಹುದಿತ್ತಲ್ಲ ಎಂದರು. ಕೇಳಬಹುದಿತ್ತಲ್ಲ ಎಂದೆ ನಾನು. ಮರುದಿನ ಒಂದು ಕೆಲಸವನ್ನು ಅವರ ಪಾಲಿಗೆ ಬಿಟ್ಟೆ. ಹುಲ್ಲಿನ ಚೀಲ ಖಾಲಿ ಮಾಡುವುದಕ್ಕೆ ಒಂದು ಕೈ ಸಾಕು, ಅದು ನಿಮ್ಮದು ಎಂದೆ. ಅವರು ನಾಳೆ, ನಾಡಿದ್ದು ಎಂದು ತಳ್ಳಿದರು. ಒದ್ದೆ ಹುಲ್ಲು ಚೀಲದೊಳಗೆ ಬೆಂದು, ಬಿಸಿಯಾಗಿ, ಲೋಳೆಯಾಗಿ, ನಾತ ಅಡುಗೆಮನೆಯವರೆಗೆ ಬಂತು. ನಾನು ಮುಟ್ಟಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅವರೇ ಯಂತ್ರವಿಟ್ಟಿದ್ದ ಶೆಡ್ಡಿಗೆ ಹೋದರು. ಚೀಲದೊಳಗೆ ಕೈ ಹಾಕಿದವರು ಓಕರಿಸಿದ ಸದ್ದು ಒಳಗೆ ನನಗೆ ಕೇಳಿತು. ತೆಂಗಿನ ಬುಡಕ್ಕೆ ಸುರಿದು ಬಂದು ನಲ್ಲಿಯ ಕೆಳಗೆ ಕೈಗೆ ಸೋಪು ಹಾಕಿ ಉಜ್ಜಿದರು, ಮೂಸಿ ನೋಡಿದರು, ಮತ್ತೆ ಉಜ್ಜಿದರು. ವಾಸನೆ ಹೋಗುವುದಿಲ್ಲ ಮಾರಾಯ್ತಿ ಎಂದರು. ನಾನು ದೋಸೆ ಮಗುಚುತ್ತಿದ್ದೆ. ಇನ್ನೊಂದು ಸಲ ತೊಳೆಯಿರಿ ಎಂದೆ.