ಇಬ್ಬನಿ ಆರಿದ ಮೇಲೆ ಹೊರಡುತ್ತಿದ್ದ ಆಯಿ

ಆಯಿಯ ಬಲಗೈ ಹೆಬ್ಬೆರಳು ಮಸಿ ಮೆತ್ತಿದಂತೆ ಕಪ್ಪಗಿತ್ತು. ಬೇಸಿಗೆಯಿಡೀ ಜಾಲಿಕಾಯಿ ಮುರಿದು, ಒಣಗಿಸಿ, ಕುಟ್ಟಿ ಅದರ ಒಗರು ಚರ್ಮಕ್ಕೇ ಇಳಿದುಬಿಟ್ಟಿತ್ತು. ಅದೇ ಬೆರಳಿನಿಂದ ಅವಳು ಕುರಿಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ಒಳಗೆ ಕೆಂಪಗಿದ್ದರೆ ಸರಿ. ಬೆಳ್ಳಗಿದ್ದರೆ ಹೊಟ್ಟೆಯ ಹುಳ ರಕ್ತ ಹೀರುತ್ತಿದೆ ಎಂದರ್ಥ. ಎದುರಿಗೆ ಕೂತರೆ ನನ್ನ ರೆಪ್ಪೆಯನ್ನೂ ಬಿಡುತ್ತಿರಲಿಲ್ಲ. "ಬರೇ ಮಾತಾಡಿ ಮಾತಾಡಿ ಬೆಳ್ಳಗಾಗಿದಿ ನೋಡು ವಕೀಲವ್ವಾ. ಎರಡು ರೊಟ್ಟಿ ತಿನ್ನು."

ನಾನು ವಕೀಲಳೇನಲ್ಲ. ದಿನವೂ ಬಸ್ಸಿನಲ್ಲಿ ಬಸವನ ಬಾಗೇವಾಡಿಯ ಕಾಲೇಜಿಗೆ ಹೋಗುತ್ತಿದ್ದ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೆಟ್ಟುಹೋಗಿದ್ದ ಹುಡುಗಿ. ಯಾರು ಏನೇ ಹೇಳಲಿ, "ಅದಕ್ಕೆ ಆಧಾರ ಏನು?" ಎನ್ನದೆ ಬಿಡುತ್ತಿರಲಿಲ್ಲ. ಆಯಿ ನಮ್ಮ ಪಕ್ಕದ ಮನೆಯವಳು. ನಿಡಗುಂದಿ ಕಡೆಯ ನಮ್ಮ ಊರಿನಲ್ಲಿ ಒಂದಿಷ್ಟು ಕುರಿ ಇಟ್ಟುಕೊಂಡು ಒಬ್ಬಳೇ ಇದ್ದಳು.

ಕಾಲುವೆಗೆ ನೀರು ಬಂದ ಮೇಲೆ ಹುಲ್ಲು ಹೆಚ್ಚಿತು, ಹುಳವೂ ಹೆಚ್ಚಿತು. ಎಲ್ಲರೂ ಕುಡಿಸುತ್ತಿದ್ದ ಬಾಟಲಿ ಔಷಧ ಅವಳ ಕುರಿಗಳಿಗೆ ನಾಟುವುದನ್ನೇ ಬಿಟ್ಟಿತ್ತು. ಹಾಗಾಗಿ ಜಾಲಿಕಾಯಿ ಪುಡಿಯನ್ನು ಜೋಳದ ನುಚ್ಚಿನಲ್ಲಿ ಕಲಸಿ ಇಡುತ್ತಿದ್ದಳು, ಮೇಲೊಂದು ಹಿಡಿ ಬೇವಿನ ಸೊಪ್ಪು. ಇಷ್ಟೇ ಅಲ್ಲ, ಹುಲ್ಲಿನ ಮೇಲಿನ ಇಬ್ಬನಿ ಆರುವವರೆಗೆ ಕುರಿಗಳನ್ನು ಹೊರಗೆ ಬಿಡುತ್ತಿರಲಿಲ್ಲ. ಒದ್ದೆ ಹುಲ್ಲಿನ ತುದಿಗೆ ಹುಳದ ಮರಿಗಳು ಹತ್ತಿ ಕೂತಿರುತ್ತವೆ ಎನ್ನುತ್ತಿದ್ದಳು.

ಊರಿನಲ್ಲಿ ಕುರಿ ಕಾಯುವ ಇನ್ನೂ ಮೂವರು ಹೆಂಗಸರಿದ್ದರು. ಮಧ್ಯಾಹ್ನ ಹೊಲದ ಕೆಲಸಕ್ಕೆ ಹೋಗಬೇಕಾದ ಅವರು ಬೆಳಿಗ್ಗೆ ಏಳಕ್ಕೇ ಹೊರಡುತ್ತಿದ್ದರು. ಕಾಲುವೆ ದಂಡೆಯ ಮೇಲೆ ಅವರ ನಗು, ಜಗಳ, ಬುತ್ತಿ ಬಿಚ್ಚುವ ಗದ್ದಲ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಅವರು ಕುರಿ ಹೊಡೆದುಕೊಂಡು ಮರಳುವ ಹೊತ್ತಿಗೆ, ಹತ್ತಕ್ಕೆ, ಆಯಿ ಹೊರಡುವಳು. ಬುತ್ತಿಯಲ್ಲಿ ಒಬ್ಬರಿಗೆ ಹೆಚ್ಚಾಗುವಷ್ಟು ಶೇಂಗಾ ಚಟ್ನಿ ಕಟ್ಟಿಕೊಳ್ಳುವಳು. ಸಂಜೆ ಅರ್ಧ ವಾಪಸು ತರುವಳು. ಕುರಿಗಳಿಗೆ ಪ್ರಶ್ನೆಯನ್ನೂ ಅವಳೇ ಕೇಳಿ, ಉತ್ತರವನ್ನೂ ಅವಳೇ ಹೇಳಿಕೊಳ್ಳುವಳು.

ಒಮ್ಮೆ ನಾನು ಅವಳನ್ನು ವಾದಕ್ಕೆ ಹಿಡಿದೆ. "ಆಯಿ, ನೀ ಎರಡೂ ಕೂಡೇ ಮಾಡ್ತಿ. ಕುರಿ ಚಲೋ ಇರೋದು ಕಾಯಿಂದನೋ, ತಡಾ ಮಾಡಿ ಬಿಡೋದ್ರಿಂದನೋ? ಹ್ಯಾಂಗ ಗೊತ್ತಾಗ್ತೈತಿ?"

ಕುಟ್ಟುತ್ತಿದ್ದ ಕೈ ನಿಂತಿತು. "ಅಂದ್ರ, ಬರೇ ಕಾಯಿನ ಸಾಕಾದ್ರ ನಾನೂ ಏಳಕ್ಕ ಅವರ ಜೋಡಿ ಹೋಗಬಹುದಾ?"

ನಾನು ವಾದಕ್ಕೆಂದು ಕೇಳಿದ್ದೆ. ಅವಳಿಗೆ ಕೇಳಿಸಿದ್ದು ಬೇರೆ.

"ನೋಡಬೇಕು," ಎಂದೆ.

"ಹಂಗಾರ ನೋಡೇ ಬಿಡೂಣು."

ಆ ಮುಂಗಾರಿನಲ್ಲಿ ಕಾಯಿ, ಸೊಪ್ಪು ಒಂದು ದಿನವೂ ತಪ್ಪಿಸದೆ ಆಯಿ ಏಳಕ್ಕೇ ಹೊರಟಳು. ಮೊದಲ ದಿನ ದಂಡೆಯಿಂದ ಒಬ್ಬಳು ಕೂಗಿದಳು: "ಏ, ದೊರೆಸಾನಿ ಇವತ್ತ ಎಷ್ಟ ಲಗೂ ಎದ್ದಾಳ ನೋಡ್ರಲೇ!"

"ನಿಮ್ಮ ಕುರಿಗೆ ಬುದ್ಧಿ ಕಲಿಸಾಕ ಬಂದೇನಿ. ನಿಮಗಂತೂ ಬರೂದಿಲ್ಲ," ಎಂದಳು ಆಯಿ.

ಆ ದಿನಗಳಲ್ಲಿ ಚಟ್ನಿ ವಾಪಸು ಬರಲಿಲ್ಲ.

ಶ್ರಾವಣದ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಕರೆದಳು. ನಾಲ್ಕು ಕುರಿಗಳ ಗದ್ದದ ಕೆಳಗೆ ನೀರು ತುಂಬಿ ಬಾತಿತ್ತು. ಅವಳು ಒಂದರ ರೆಪ್ಪೆ ಎಳೆದು ಹಿಡಿದು, "ನೀನ ನೋಡು," ಎಂದಳು. ಒಳಗೆ ಕಾಗದದಷ್ಟು ಬಿಳುಪು.

"ನಾ ಹೇಳಿದ್ನಿಲ್ಲ? ಕಾಯಿ ಒಂದ ಸಾಲೂದಿಲ್ಲ." ನನ್ನ ದನಿಯಲ್ಲಿ ಗೆಲುವಿತ್ತು. ಅದು ನನಗೇ ಕೇಳಿಸಿತು.

"ನಿನ್ನ ಮಾತು ಖರೆ ಆತು ಬಿಡು."

ಬಾಗೇವಾಡಿಯಿಂದ ಬೇರೆ ಔಷಧ ತಂದು ಮೂರನ್ನು ಉಳಿಸಿಕೊಂಡೆವು, ಒಂದು ಸತ್ತಿತು. ಮರುದಿನದಿಂದ ಆಯಿ ಮತ್ತೆ ಹತ್ತಕ್ಕೆ ಹೊರಟಳು. ಯಾಕೆಂದು ಆ ಹೆಂಗಸರಿಗೆ ಹೇಳಲಿಲ್ಲ. ತನ್ನ ಕುರಿ ಕೆಟ್ಟದ್ದನ್ನು ಊರಿಗೆ ಹೇಳಿಕೊಳ್ಳುವವಳಲ್ಲ ಅವಳು.

ಹೀಗೇ ಎರಡು ವರ್ಷ ನಡೆಯಿತು. ಈ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಆಯಿ ಹೋದಳು. ಮಣ್ಣು ಕೊಟ್ಟು ಬರುವಾಗ, ಅಂದು ದಂಡೆಯಿಂದ ಕೂಗಿದ್ದ ಹೆಂಗಸು ನನ್ನ ಜೊತೆ ನಡೆದಳು.

"ತಂಗಿ, ನೀ ಆಕಿ ಮನ್ಯಾಗ ಇರ್ತಿದ್ದಾಕಿ. ಆಕಿ ನಮ್ಮನ್ನ ಯಾಕ ಬಿಟ್ಟಳು? ನಮ್ಮಿಂದ ಏನರ ತಪ್ಪಾಗಿತ್ತೇನ?"

ಎಲ್ಲ ಹೇಳಿದೆ. ಕಾಯಿ, ಇಬ್ಬನಿ, ನನ್ನ ಪ್ರಶ್ನೆ, ಬಾತ ಗದ್ದ.

"ಆ ವರ್ಷ ಮಳಿ ಭಾಳ ಇತ್ತಲ್ಲವ್ವಾ. ಔಷಧ ಕುಡಿಸಿದ್ರೂ ನಮ್ಮವೂ ಸತ್ತಾವ. ಮಳಿ ಕಡಿಮಿ ಇದ್ದಾಗ ಇನ್ನೊಮ್ಮಿ ನೋಡಾಕ ಬರ್ತಿದ್ದಿಲ್ಲೇನ?"

ಒಂದೇ ಮಳೆಗಾಲ ನೋಡಿ ತೀರ್ಪು ಕೊಡಬಾರದೆಂದು ನನಗೆ ಆ ದಿನವೇ ಗೊತ್ತಿತ್ತು. ಬೇರೆ ಯಾರಾದರೂ ಹಾಗೆ ತೀರ್ಪು ಕೊಟ್ಟಿದ್ದರೆ ನಿಂತಲ್ಲೇ ಹರಿದುಹಾಕುತ್ತಿದ್ದೆ. ಆಯಿಯ ಮುಂದೆ ಅದನ್ನು ಆಡಿದ್ದರೆ ನನ್ನ ಗೆಲುವು ಅರ್ಧವಾಗುತ್ತಿತ್ತು. ಆಡಲಿಲ್ಲ.

"ಬರ್ತಿತ್ತು," ಎಂದೆ.

ಆ ಕುರಿ ಸತ್ತ ಮರುವರ್ಷ ಮಳೆ ಕಡಿಮೆಯೇ ಆಗಿತ್ತು. ಆ ಮುಂಗಾರು ಪೂರ್ತಿ ಆಯಿ ಹತ್ತಕ್ಕೇ ಹೊರಟಿದ್ದಳು, ಒಬ್ಬಳೇ. ರಜೆಯ ದಿನಗಳಲ್ಲಿ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.